ಕೂಗದೆ ಬಿಟ್ಟ ಹೆಸರು

ಪ್ರತಿ ವರ್ಷ ನವೆಂಬರಿನಲ್ಲಿ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ಶೋಕದ ಭಾನುವಾರ, ಚರ್ಚು ಬಿಟ್ಟಕೂಡಲೆ ನಾವು ವೇಸರ್ ನದಿಯ ದಂಡೆಯಲ್ಲಿದ್ದ ಒಂದು ಹೋಟೆಲಿನಲ್ಲಿ ಸೇರುತ್ತಿದ್ದೆವು. ನಮ್ಮ ದಳದಲ್ಲಿ ಬದುಕುಳಿದವರು ಇಪ್ಪತ್ತಾರು ಜನ. ಮೊದಲು ಹಾಜರಿ, ಆಮೇಲೆ ಬಟಾಣಿ ಸೂಪು. ಸತ್ತವರ ಹೆಸರುಗಳನ್ನು ಮೇಜರ್ ಆಲೆಫೆಲ್ಡ್ ಕೂಗುತ್ತಿದ್ದರು. ಒಂದೊಂದು ಹೆಸರಿಗೂ ನಾವೆಲ್ಲ ಒಟ್ಟಿಗೆ "ಹಾಜರ್" ಅನ್ನಬೇಕು. ಪಟ್ಟಿ ಟೈಪು ಮಾಡುತ್ತಿದ್ದವನು ನಾನು. ಈಗ ಶಾಲಾ ಮೇಷ್ಟ್ರು. ಯುದ್ಧದಲ್ಲಿ ಅವರ ಗುಮಾಸ್ತ.

ಒಂದು ವರ್ಷ ಮೇಜರ್ ಕೊರಳಲ್ಲಿ ಹೊಸ ಶಿಲುಬೆ ಇತ್ತು, ಯುದ್ಧದಲ್ಲಿ ಸಿಕ್ಕ ಪದಕದ ಹೊಸ ರೂಪ. ಹಳೆಯದರಲ್ಲಿ ಸ್ವಸ್ತಿಕ ಇದ್ದದ್ದರಿಂದ ಯುದ್ಧ ಸೋತ ಮೇಲೆ ಕಾನೂನಿನ ಪ್ರಕಾರ ಹಾಕಿಕೊಳ್ಳುವಂತಿರಲಿಲ್ಲ.

"ಥಳಥಳ ಅಂತಿದೆಯಲ್ಲ ಮೇಜರ್ ಸಾಹೇಬ್ರೇ, ಮತ್ತೆ ಯಾವ ಸೇತುವೆ ಹಿಡಿದ್ರಿ?" ಸಾರ್ಜೆಂಟ್ ಕ್ನೋಪ್ ಕೆಣಕಿದ.

"ಬಾಯಿ ಮುಚ್ಕೊಂಡು ಕೂತ್ಕೊಳ್ಳೋ. ಆಗಲೂ ನಿನ್ನ ಬಾಯೇ ಜಾಸ್ತಿ."

ಎಲ್ಲರೂ ನಕ್ಕರು. ಆ ನಗುವಿಗಾಗಿಯೇ ನಾವು ಬರುತ್ತಿದ್ದೆವೇನೋ. ರಷ್ಯಾದ ಚಳಿಯಲ್ಲಿ ಈ ಮನುಷ್ಯ ತನ್ನ ರೊಟ್ಟಿ ಮುರಿದು ನಮಗೆ ಕೊಟ್ಟಿದ್ದರು. ಒಬ್ಬೊಬ್ಬನ ತಾಯಿಯ ಹೆಸರೂ ಅವರಿಗೆ ಗೊತ್ತಿತ್ತು. ಮೂರು ದಿನ ಸೇತುವೆ ಬಿಟ್ಟುಕೊಡದೆ ಕಾದದ್ದಕ್ಕೆ ಆ ಶಿಲುಬೆ ಸಿಕ್ಕಿತು. ಎರಡನೆಯ ದಿನ ಹತ್ತೊಂಬತ್ತರ ರೈನರ್ ಟೋಲ್ಕ್ ಕಾವಲು ಬಿಟ್ಟು ಮನೆಯ ದಾರಿ ಹಿಡಿದ. ಹಿಡಿದು ತಂದರು. ಗುಂಡಿಕ್ಕುವ ಆದೇಶವನ್ನು ಟೈಪು ಮಾಡಿದವನು ನಾನು, ಸಹಿ ಮೇಜರ್ ಅವರದು. ಪಟ್ಟಿಯಲ್ಲಿ ಆ ಹೆಸರು ಎಂದೂ ಬರಲಿಲ್ಲ.

ಆ ಭಾನುವಾರ ಅವನ ಅಕ್ಕ ಹೆಡ್ವಿಗ್ ಕಿಟಕಿಯ ಪಕ್ಕ ಕೂತಿದ್ದಳು, ಕೋಟು ಬಿಚ್ಚದೆ. "ನಿಮ್ಮ ಬಾಯಲ್ಲಿ ಅವನ ಹೆಸರು ಒಂದು ಸಲ ಕೇಳಬೇಕು" ಎಂದು ಅವಳು ಮೇಜರ್‌ಗೆ ಕಾಗದ ಬರೆದಿದ್ದಳು. ಅವರು ಉತ್ತರ ಬರೆದಿರಲಿಲ್ಲ.

"ಪಟ್ಟಿಗೆ ಸೇರಿಸಿದೀಯಾ?" ಮೇಜರ್ ಮೆಲ್ಲಗೆ ನನ್ನನ್ನು ಕೇಳಿದರು.

"ನೀವು ಹೇಳ್ಲಿಲ್ಲ."

"ನೀನೂ ಕೇಳ್ಲಿಲ್ಲ."

ಹಾಜರಿ ಶುರುವಾಯಿತು. ನಾವು ಎದ್ದು ನಿಂತೆವು. ಹೆಸರು, ಹಾಜರ್, ಹೆಸರು, ಹಾಜರ್. ಕೊನೆಯ ಹೆಸರೂ ಮುಗಿಯಿತು. ಕ್ನೋಪ್ ಕುರ್ಚಿ ಎಳೆದುಕೊಂಡ. ಮೇಜರ್ ಹಾಳೆ ಮಡಚಿದರು, ಆದರೆ ಕೂರಲಿಲ್ಲ.

"ರೈನರ್ ಟೋಲ್ಕ್."

ಕ್ನೋಪ್ ನೆಲ ನೋಡಿದ. ನಾನಾದರೂ "ಹಾಜರ್" ಅನ್ನಬೇಕು ಎಂದು ಬಾಯಿ ತೆರೆದೆ.

"ಬೇಡ ಮೇಷ್ಟ್ರೇ," ಹೆಡ್ವಿಗ್ ಎದ್ದಳು. "ಹಾಜರ್ ಅನ್ಬೇಡಿ. ಅವನು ಮನೆಗೆ ಹೊರಟಿದ್ದೋನು. ಈಗಲಾದ್ರೂ ಹೋಗ್ಲಿ ಬಿಡಿ."

ಮೇಜರ್ ತಲೆ ತಗ್ಗಿಸಿದರು. ಕೊನೆಗೆ ಕ್ನೋಪ್ ಒಳಗೆ ಹೋಗಿ ಒಂದು ಬಟ್ಟಲು ಬಿಸಿ ಸೂಪು ತಂದು ಅವಳ ಮುಂದಿಟ್ಟ. ಅವಳು ಕೋಟು ಬಿಚ್ಚಿದಳು.

ಮುಂದಿನ ವರ್ಷದ ಪಟ್ಟಿಯಲ್ಲಿ ಆ ಹೆಸರನ್ನು ಅಕ್ಷರಕ್ರಮದಲ್ಲಿ ಅದರ ಜಾಗದಲ್ಲೇ ಟೈಪು ಮಾಡಿದೆ. ಅಂದಿನಿಂದ ಪ್ರತಿ ವರ್ಷ ಮೇಜರ್ ಅದನ್ನು ಕೂಗುತ್ತಾರೆ. ನಾವು ನಿಂತಿರುತ್ತೇವೆ, ಏನೂ ಅನ್ನುವುದಿಲ್ಲ.