ಉಬ್ಬೋ ಗುಳಿಯೋ

"ಅಮ್ಮ, ಇಳಿ ಕೆಳಗೆ. ಇವತ್ತು ನೀನೂ ಬಿದ್ರೆ ನಾನೊಬ್ಬಳೇ ಏನು ಮಾಡ್ಲಿ?"

ಮಗಳು ಸ್ಟೂಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ಮೇಲೆ ಅರವತ್ತೊಂದರ ತಾಯಿ ಬೀರುವಿನ ನೆತ್ತಿಯಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಗಂಡನ ದೇಹವಿತ್ತು. ಮೂರು ಗಂಟೆಗೆ ವ್ಯಾನು ಬರುವುದಿತ್ತು.

"ಪ್ರೊಫೆಸರಮ್ಮ ಬಂದ್ರಾ?"

"ಬಂದಿದಾರೆ. ಗೇಟ್ ಹತ್ರ ಪ್ರಿನ್ಸಿಪಾಲ್ರೂ ಅವರೂ ಮಾತಾಡ್ತಾರಂತೆ."

"ಏನಂತ?"

"ಇನ್ನೇನು, ಅದೇ."

ಅದೇ ಎಂದರೆ ದಂತವೈದ್ಯ ಕಾಲೇಜಿಗೆ ಸೇರಿದ ಪ್ರತಿ ವಿದ್ಯಾರ್ಥಿಯೂ ಮೊದಲ ತಿಂಗಳಲ್ಲೇ ಕೇಳುವ ಕತೆ. ಮೂವತ್ತು ವರ್ಷದ ಹಿಂದೆ ಮೂರನೇ ವರ್ಷದ ಹುಡುಗಿಯೊಬ್ಬಳು ಎಡದ ಹಲ್ಲಿನ ಬದಲು ಬಲದ ಹಲ್ಲು ಕಿತ್ತಳು. ಎಕ್ಸ್-ರೇ ವಿಭಾಗದ ಟೆಕ್ನಿಷಿಯನ್ ಮುಂದೆ ಬಂದು, ತಪ್ಪು ನನ್ನದು, ಫಿಲ್ಮ್ ಮಗುಚಿ ಅಂಟಿಸಿದ್ದೆ ಎಂದರು. ಅವರಿಗೆ ಮೆಮೊ ಬಂತು, ಬಡ್ತಿ ಹೋಯಿತು. ಹುಡುಗಿ ಉಳಿದಳು. ಈಗ ಅವಳೇ ಆ ವಿಭಾಗದ ಮುಖ್ಯಸ್ಥೆ, ಈ ಪ್ರೊಫೆಸರಮ್ಮ. ಎಂಥ ತ್ಯಾಗ ಎಂದು ಹೇಳುವವರೂ ಕೇಳುವವರೂ ನಿಟ್ಟುಸಿರು ಬಿಡುತ್ತಾರೆ. ಈಗ ಮುಂದಿನ ಕೋಣೆಯಲ್ಲಿ ಮಲಗಿದ್ದ ಆ ಟೆಕ್ನಿಷಿಯನ್ ಮಾತ್ರ ಈ ಕತೆ ಕೇಳಿದಾಗಲೆಲ್ಲ ಸಿಡುಕುತ್ತಿದ್ದರು. ಅದನ್ನು ಎಲ್ಲರೂ ವಿನಯ ಎಂದುಕೊಂಡಿದ್ದರು.

ತಾಯಿ ಡಬ್ಬ ಕಂಕುಳಲ್ಲಿಟ್ಟುಕೊಂಡು ಇಳಿದರು. "ಅವರನ್ನ ಅಡುಗೆಮನೆಗೆ ಕರಿ. ಪ್ರಿನ್ಸಿಪಾಲ್ರನ್ನಲ್ಲ."

*

ಆ ದಿನ ಕುರ್ಚಿಯಲ್ಲಿ ಕೂತಿದ್ದವನು ಒಬ್ಬ ಬಸ್ ಡ್ರೈವರ್.

"ಎಲ್ಲಿ ನೋವು?" ಎಂದು ಹುಡುಗಿ ಕೇಳಿದಳು.

"ಎಲ್ಲಿ ಅಂತ ಹೇಳ್ಲಿ ತಾಯಿ? ಕೆಳಗೆ ಪೂರ್ತಿ ಜಾಮ್ ಆಗಿದೆ."

ಕೆಳದವಡೆಯ ಎರಡೂ ಬದಿಯಲ್ಲಿ ಒಂದೊಂದು ಹಲ್ಲು ಕಪ್ಪಗಿತ್ತು. ಒಂದು ಬೇರಿನ ತನಕ ಕೊಳೆತಿದೆ, ಕೀಳಬೇಕು. ಇನ್ನೊಂದಕ್ಕೆ ಸಿಮೆಂಟು ತುಂಬಿದರೆ ಸಾಕು. ಯಾವುದು ಯಾವುದೆಂದು ಹೇಳಬೇಕಾದದ್ದು ಫಿಲ್ಮ್. ಎರಡು ಪುಟ್ಟ ಫಿಲ್ಮುಗಳು ಕಿಂಡಿ ಕೊರೆದ ಒಂದು ರಟ್ಟಿಗೆ ಅಂಟಿಕೊಂಡು ಬಂದವು. ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಇಕ್ಕಳ ಎತ್ತಿಕೊಂಡಳು.

ಕೈಗೆ ಬಂದ ಹಲ್ಲಿನ ಬೇರು ಬಿಳಿಯಾಗಿತ್ತು, ಗಟ್ಟಿಯಾಗಿತ್ತು.

ಆ ಕಾಲದ ಫಿಲ್ಮಿನ ಮೂಲೆಯಲ್ಲಿ ಸಾಸಿವೆಯಷ್ಟು ಚುಕ್ಕಿಯೊಂದನ್ನು ಒತ್ತಿರುತ್ತಿದ್ದರು. ಮೇಲ್ಮುಖಕ್ಕೆ ಉಬ್ಬು ಬಂದರೆ ಸರಿ. ಗುಳಿ ಬಂದರೆ ಫಿಲ್ಮ್ ಮಗುಚಿದೆ, ಬಲದ ದವಡೆ ಎಡಕ್ಕೆ ಬಂದಿದೆ ಎಂದರ್ಥ. ಉಳಿದಂತೆ ಚಿತ್ರ ನೋಡಲು ಒಂದೇ ಥರ. ಅದಕ್ಕೇ ಟೆಕ್ನಿಷಿಯನ್ನರು ಪ್ರತಿ ವರ್ಷದ ಹುಡುಗರಿಗೂ "ಕಣ್ಣನ್ನ ನಂಬಬೇಡ್ರಪ್ಪ, ಬೆರಳಾಡಿಸಿ" ಎನ್ನುತ್ತಿದ್ದರು. ಹುಡುಗರು ಅವರಿಗೆ ಚುಕ್ಕಿ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಆ ದಿನ ಹುಡುಗಿ ಬೆರಳಾಡಿಸಲಿಲ್ಲ. ಮೇಷ್ಟ್ರು ಅಂಟಿಸಿದ ರಟ್ಟಿಗೆ ಯಾರೂ ಬೆರಳಾಡಿಸುತ್ತಿರಲಿಲ್ಲ.

ಅವರು ಡಾರ್ಕ್ ರೂಮಿನಿಂದ ಬಂದು ರಟ್ಟು ತೆಗೆದುಕೊಂಡು ಮೂಲೆ ಸವರಿದರು. ಸವರಿ ಅಲ್ಲೇ ನೆಲದ ಮೇಲೆ ಕೂತರು.

"ಗುಳಿ," ಎಂದರು.

ಸಂಜೆ ರಟ್ಟು ಒಯ್ದು ತೋರಿಸಿದಾಗ ಅಂದಿನ ಮುಖ್ಯಸ್ಥರು ನಕ್ಕುಬಿಟ್ಟರು. "ನೀವು? ಮಗುಚಿ? ಬೇರೆ ಯಾರಿಗಾದ್ರೂ ಹೇಳ್ರಿ. ಹುಡುಗಿ ಅಳೋದು ನೋಡಿ ಈಗ ಮಗುಚಿ ತಂದಿದೀರಿ."

ಮೇಷ್ಟ್ರು ತಪ್ಪು ತನ್ನದೇ ಎಂದು ಬರೆದು ಕೊಟ್ಟರು. ಬರೆದು ಕೊಟ್ಟಿದ್ದರಿಂದ ಶಿಕ್ಷೆ ಪೂರ್ತಿ ಸಿಕ್ಕಿತು. ನಂಬಿಕೆ ಮಾತ್ರ ಯಾರಿಂದಲೂ ಸಿಗಲಿಲ್ಲ.

*

ಪ್ರೊಫೆಸರ್ ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತಿದ್ದರು. ಐವತ್ತು ದಾಟಿದ ಹೆಂಗಸು. ಅತ್ತು ಮೂಗು ಕೆಂಪಾಗಿತ್ತು.

"ಬನ್ನಿ ಮೇಡಂ. ಈಗೇನು ಮಾತಾಡ್ತೀರಿ ಅಲ್ಲಿ?"

"ನನ್ನ ಬದುಕೇ ಅವರು ಕೊಟ್ಟಿದ್ದು ಅಂತ..."

"ಹೇಳ್ಬೇಡಿ." ತಾಯಿ ಡಬ್ಬದ ಮುಚ್ಚಳ ಬಿಚ್ಚಿದರು. "ಮೂವತ್ತು ವರ್ಷ ಈ ಮನುಷ್ಯ ತಪ್ಪು ನಂದು, ತಪ್ಪು ನಂದು ಅಂತ ಬಡ್ಕೊಂಡ್ರು. ಊಟಕ್ಕೆ ಕೂತ್ರೂ ಅದೇ. ನಾನು ಸುಳ್ಳುಗಾರನೇನೇ ಅಂತ ನನ್ನನ್ನ ಕೇಳೋರು. ಇವತ್ತೂ ಸುಳ್ಳುಗಾರ ಅಂತ ಹೊಗಳಿ ಕಳಿಸ್ತೀರಾ?"

"ಅಮ್ಮ, ಬಿಡು," ಎಂದಳು ಮಗಳು. "ಅಪ್ಪನಿಗೆ ಇದ್ದಿದ್ದು ಅದೊಂದೇ ಹೆಸರು. ನಾನು ಶಾಲೆಯಲ್ಲಿ ಅದನ್ನ ಹೇಳ್ಕೊಂಡೇ ಬೆಳೆದಿದ್ದು. ಹೋಗೋ ದಿನ ಅದನ್ನೂ ಕಿತ್ಕೊಳ್ಬೇಕಾ?"

"ನಿಂಗೇನು ಗೊತ್ತು? ಆವತ್ತಿಗೆ ನೀನು ಹುಟ್ಟಿ ಎರಡು ದಿನ. ಮಗು ನನ್ನ ಥರ ಇದ್ಯೋ ನಿನ್ನ ಥರ ಇದ್ಯೋ ಅಂತ ಯೋಚನೆ ಮಾಡ್ತಾ ಅಂಟಿಸಿಬಿಟ್ಟೆ ಅಂತ ನನ್ನ ಹತ್ರ ಅಂದ್ರು. ಹಾಗಂತ ಆಫೀಸಲ್ಲಿ ಬರೆದು ಕೊಡೋಕಾಗತ್ತಾ?"

ಮಗಳು ಡಬ್ಬದೊಳಗೆ ಬಗ್ಗಿ ನೋಡಿದಳು.

ಡಬ್ಬದಲ್ಲಿ ಮೇಷ್ಟ್ರು ಎತ್ತಿಟ್ಟಿದ್ದ ಆ ದಿನದ ಹಳದಿಗಟ್ಟಿದ ರಟ್ಟು. ಡ್ರೈವರನ ಹೆಸರು, ತಾರೀಖು, ಮೇಷ್ಟರ ದುಂಡನೆಯ ಅಕ್ಷರ. ಪ್ರೊಫೆಸರ್ ಬೆರಳಾಡಿಸಿದರು. ಗುಳಿ. ಆದರೆ ತಲೆಯಲ್ಲಾಡಿಸಿದರು.

"ಇದರಿಂದ ಏನೂ ಗೊತ್ತಾಗಲ್ಲಮ್ಮ. ಆಮೇಲೆ ಕಿತ್ತು ಮಗುಚಿ ಅಂಟಿಸಿರಬಹುದು. ನನ್ನನ್ನ ಉಳಿಸೋಕೆ."

"ನೀವೂ ಅದನ್ನೇ ಹೇಳ್ತೀರಲ್ಲ!"

*

ಹನ್ನೆರಡು ವರ್ಷದ ಹಿಂದೆ ಪ್ರೊಫೆಸರ್ ಒಂದು ಸಂಶೋಧನಾ ಲೇಖನ ಬರೆದರು: ದಂತವಿದ್ಯಾರ್ಥಿಗಳು ಎಡ-ಬಲ ಎಲ್ಲಿ, ಎಷ್ಟು ಬಾರಿ ತಪ್ಪುತ್ತಾರೆ, ಯಾಕೆ ತಪ್ಪುತ್ತಾರೆ ಎಂಬುದರ ಮೇಲೆ. ಒಳ್ಳೆಯ ಲೇಖನ, ನಾಲ್ಕು ಕಾಲೇಜುಗಳು ಪಾಠಕ್ರಮ ಬದಲಿಸಿಕೊಂಡವು. ಕೊನೆಯಲ್ಲಿ, ನನ್ನ ತಪ್ಪನ್ನು ಹೊತ್ತ ಹಿರಿಯರಿಗೆ ಎಂದು ಕೃತಜ್ಞತೆ ಹೇಳಿದ್ದರು. ಅದರ ಒಂದು ಪ್ರತಿಯನ್ನು ತಾವೇ ಹೋಗಿ ಮೇಷ್ಟರಿಗೆ ಕೊಟ್ಟರು.

ಮಾರನೆಯ ದಿನ ಮೇಷ್ಟ್ರು ಅದನ್ನು ವಾಪಸು ತಂದು ಮೇಜಿನ ಮೇಲಿಟ್ಟರು.

"ಓದಿದೆ ಮೇಡಂ. ಎಲ್ಲ ಸರಿಯಾಗಿದೆ. ಕೊನೇ ವಾಕ್ಯ ಒಂದು ತಪ್ಪಿದೆ, ತಿದ್ದಿದೀನಿ."

ಆ ಸಾಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಎಂಥ ದೊಡ್ಡ ಮನಸ್ಸು ಎಂದು ಪ್ರೊಫೆಸರ್ ಆ ಪ್ರತಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು.

*

ಪ್ರೊಫೆಸರ್ ರಟ್ಟನ್ನು ಅಡುಗೆಮನೆಯ ಕಿಟಕಿಗೆ ಹಿಡಿದರು. ಸಹಾನುಭೂತಿಯಿಂದಲ್ಲ, ಅಭ್ಯಾಸದಿಂದ. ಫಿಲ್ಮ್ ಕೈಗೆ ಬಂದರೆ ಬೆಳಕಿಗೆ ಹಿಡಿಯದೆ ಇರಲಾರರು. ಹಿಡಿದವರು ಹಾಗೇ ನಿಂತರು.

"ಏನಾಯ್ತು?" ಎಂದಳು ಮಗಳು.

"ಇಲ್ಲೊಂದು ಸುತ್ತು ಇದೆ. ನಾನು ಹಾಕಿದ್ದು. ಕೀಳೋ ಮೊದಲು ಮೇಣದ ಪೆನ್ಸಿಲಲ್ಲಿ ಹಲ್ಲಿನ ಸುತ್ತ ಕೆಂಪಗೆ ಗುರುತು ಹಾಕಿದ್ದೆ. ಮರೆತೇಹೋಗಿತ್ತು."

"ಅದಕ್ಕೇನೀಗ?"

"ನಾನು ನೋಡ್ತಿದ್ದ ಮುಖದ ಮೇಲೇ ತಾನೇ ಗುರುತು ಹಾಕೋದು? ಅವರು ಆಮೇಲೆ ಮಗುಚಿದ್ರೆ ಅದು ಹಿಂಬದಿಗೆ ಹೋಗ್ಬೇಕು. ಉಬ್ಬಿರೋ ಕಡೆಗೆ."

ಹಿಂಬದಿಯನ್ನು ಉಗುರಿಂದ ಕೆರೆದರು. ಏನೂ ಬರಲಿಲ್ಲ. ತಿರುಗಿಸಿ ಮುಂಬದಿ ಕೆರೆದರು. ಉಗುರಿನ ತುದಿಗೆ ಕೆಂಪು ಮೇಣ ಅಂಟಿತು. ಅದರ ಪಕ್ಕದಲ್ಲೇ ಗುಳಿ.

ಪ್ರೊಫೆಸರ್ ಸಿಲಿಂಡರಿನ ಮೇಲೆ ಕೂತರು. ಮೂವತ್ತು ವರ್ಷದಿಂದ ಒಬ್ಬರ ಋಣದಲ್ಲಿ ಬದುಕಿದವರು. ಋಣವೇ ಇರಲಿಲ್ಲವೆಂದು ತಿಳಿದರೆ ಹಗುರವಾಗಬೇಕಿತ್ತು. ಆಗಲಿಲ್ಲ.

"ನಿಜ ಹೇಳಿದ್ರು," ಎಂದರು. "ಒಂದು ಸಲ ನಾನು ಈ ರಟ್ಟು ಕೇಳಿ ನೋಡಿದ್ರೆ ಸಾಕಿತ್ತು."

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಪ್ರಿನ್ಸಿಪಾಲರು ಬಾಗಿಲಿಗೆ ಬಂದರು. "ಮೇಡಂ, ನಾನು ಮುಗಿಸಿದೆ, ಎಲ್ರೂ ಅತ್ತುಬಿಟ್ರು. ನೀವೂ ಎರಡು ಮಾತು. ತ್ಯಾಗಮೂರ್ತಿ ಅನ್ನೋದು ಬಿಟ್ಟು ಬೇರೆ ಪದ ಹುಡುಕಿ, ಅದು ಆಗ್ಲೇ ಹೇಳಾಯ್ತು."

ಪ್ರೊಫೆಸರ್ ಮಗಳ ಮುಖ ನೋಡಿದರು. ಅವಳು ಖಾಲಿ ಡಬ್ಬದ ಮುಚ್ಚಳ ಹಾಕುತ್ತಿದ್ದಳು.

ಗೇಟಿನ ಬಳಿ ಬಿಳಿ ಕೋಟಿನ ಅರವತ್ತು ವಿದ್ಯಾರ್ಥಿಗಳು. ಅವರು ಕಂಡಿದ್ದೆಲ್ಲ ಕಂಪ್ಯೂಟರ್ ಪರದೆ; ಫಿಲ್ಮ್ ಮುಟ್ಟಿದವರು ಒಬ್ಬರೂ ಇಲ್ಲ.

"ಪ್ರಿನ್ಸಿಪಾಲರು ಹೇಳಿದ್ದು ಸರಿಯಲ್ಲ," ಎಂದರು ಪ್ರೊಫೆಸರ್. ಪ್ರಿನ್ಸಿಪಾಲರಿಗೆ ಕೆಮ್ಮು ಬಂತು. "ಆವತ್ತು ಫಿಲ್ಮ್ ಮಗುಚಿದ್ದು ಮೇಷ್ಟ್ರೇ. ಅದರ ಮೂಲೇಲಿ ಗುಳಿ ಇತ್ತು, ಬೆರಳಾಡಿಸದೆ ಹಲ್ಲು ಕಿತ್ತಿದ್ದು ನಾನು. ಇವರು ಆವತ್ತೇ ಹೇಳಿದ್ರು, ನಾವ್ಯಾರೂ ನಂಬಲಿಲ್ಲ. ಅಷ್ಟೇ."

ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬಳು, "ಮೇಡಂ, ಗುಳಿ ಅಂದ್ರೆ ಕೈಗೆ ಹೇಗಿರತ್ತೆ?" ಎಂದು ಕೇಳಿಬಿಟ್ಟಳು. ಕೇಳಿ ನಾಲಿಗೆ ಕಚ್ಚಿಕೊಂಡಳು.

ಪ್ರೊಫೆಸರ್ ರಟ್ಟನ್ನು ಅವಳ ಕೈಗಿತ್ತರು. ಅವಳು ಮೂಲೆ ಸವರಿ, ಹುಬ್ಬೇರಿಸಿ, ಪಕ್ಕದವನಿಗೆ ಕೊಟ್ಟಳು. ಅವನು ಇನ್ನೊಬ್ಬನಿಗೆ. ಸದ್ದಿಲ್ಲದೆ ಸಾಲೊಂದು ಕಟ್ಟಿಕೊಂಡಿತು. ವ್ಯಾನಿನ ಡ್ರೈವರ್ ಸ್ವಲ್ಪ ಹೊತ್ತು ಕಾದು ಎಂಜಿನ್ ಆರಿಸಿದ.

ಸಾಲಿನ ಕೊನೆಯಲ್ಲಿ ಮಗಳು ನಿಂತಿದ್ದಳು. ರಟ್ಟು ಬಂತು. ಅವಳ ಹೆಬ್ಬೆರಳು ಅಂಚಿನ ಉದ್ದಕ್ಕೂ ಹೋಗಿ, ತಿರುಗಿ ಬಂದು, ಏನೂ ಸಿಗದೆ ನಿಂತಿತು. ತಾಯಿ ಆ ಬೆರಳನ್ನು ಹಿಡಿದು ಸಾಸಿವೆಯಷ್ಟು ಈಚೆಗೆ ಸರಿಸಿದರು.