ಹಾಲು ಕುಡಿಯುವ ಕಲ್ಲು

ದಾವಣಗೆರೆಯಲ್ಲಿ ಒಬ್ಬ ಮನುಷ್ಯ ಸತ್ತನೆಂದು ಡಾಕ್ಟರು ಹೇಳಿದರೆ ಸಾಲದು, ನಾನು ಹೇಳಬೇಕು. ಡಾಕ್ಟರ ಮಾತು ಮನೆಯವರಿಗಷ್ಟೇ ಕೇಳುತ್ತದೆ. ನನ್ನ ಆಟೋದ ನೆತ್ತಿಯ ಮೇಲಿನ ಎರಡು ಹಾರ್ನು ಹೇಳಿದ್ದು ಊರಿಗೇ ಕೇಳುತ್ತದೆ. ಕೆ.ಬಿ. ಬಡಾವಣೆಯಲ್ಲಿ ನಿಂತು ನಾನು ‘ದುಃಖದ ಸಮಾಚಾರ’ ಎಂದು ಬಾಯಿ ತೆರೆದರೆ ಲೋಕಿಕೆರೆಯ ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತುತ್ತವೆ. ನಂಬದವರು ಹೋಗಿ ಎಮ್ಮೆಗಳನ್ನು ಕೇಳಬಹುದು. ಮನೆಯಲ್ಲಿಟ್ಟ ಹೆಸರು ಮಾಲತೇಶಪ್ಪ, ಊರು ಇಟ್ಟ ಹೆಸರು ಮೈಕ್ ಮಾಲತೇಶಪ್ಪ.

ನನ್ನ ಬಾಯಲ್ಲಿ ಯಾರೂ ಸಣ್ಣವರಾಗಿ ಸತ್ತಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಒಲೆ ಉರಿಸುತ್ತಿದ್ದವನನ್ನು ಉದ್ಯಮಿ ಮಾಡಿದ್ದೇನೆ. ಇಡೀ ಓಣಿಯ ಜೊತೆ ಜಗಳ ಕಾದ ಮುದುಕಿಯನ್ನು ಸ್ನೇಹಜೀವಿ ಮಾಡಿದ್ದೇನೆ. ಹೆಂಡತಿ ಕೂಡ ಮಾತು ಬಿಟ್ಟಿದ್ದವನಿಗೆ ‘ಅಪಾರ ಬಂಧು ಬಳಗ’ ದಯಪಾಲಿಸಿದ್ದೇನೆ. ಕೊಡುವ ವಿಷಯದಲ್ಲಿ ನನ್ನದು ಧಾರಾಳ ಕೈ.

ಕೆಲಸವಿಲ್ಲದ ಹೊತ್ತಿನಲ್ಲಿ ನನ್ನ ಆಟೋ ನಿಲ್ಲುವುದು ಹಳೇ ರುದ್ರಭೂಮಿಯ ಗೇಟಿನ ಮುಂದೆ, ಖಲೀಲನ ಚಹದ ಗಾಡಿಯ ಪಕ್ಕದಲ್ಲಿ. ಹೊಸ ರುದ್ರಭೂಮಿ ಬಂದ ಮೇಲೆ ಇಲ್ಲಿಗೆ ಯಾರನ್ನೂ ತರುವುದಿಲ್ಲ. ಒಳಗೆಲ್ಲ ಜಾಲಿ ಮತ್ತು ಎಕ್ಕ. ಅವುಗಳ ನಡುವೆ, ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಕೂಲಿಗೆ ಬಂದು ಇಲ್ಲೇ ಮಣ್ಣಾದ ಜನ. ಹೆಚ್ಚಿನವರಿಗೆ ಕಲ್ಲಿಲ್ಲ. ಕಲ್ಲಿರುವವರ ಹೆಸರನ್ನು ಮಳೆ ತೊಳೆದುಬಿಟ್ಟಿದೆ. ಚಹ ಕುಡಿದು ನಾನು ಅವರ ನಡುವೆ ಒಂದು ಸುತ್ತು ಹಾಕಿ ಬರುತ್ತೇನೆ. ಕೇಳುವವರಿಲ್ಲದ ಸತ್ತವರನ್ನು ಮಾತಾಡಿಸಿ ಬರುವುದು ನನಗೊಂದು ಚಟ. ಹೆಸರಿಲ್ಲದವರಿಗೆ ಬದುಕು ಕಟ್ಟಿಕೊಟ್ಟವನೂ ನಾನೇ. ಬೇಲಿಯ ಹತ್ತಿರದ ಉದ್ದನೆಯ ದಿಬ್ಬ ಏಳಡಿ ಪೈಲ್ವಾನನದು, ಒಮ್ಮೆ ಕೂತರೆ ನಲವತ್ತು ಬೆಣ್ಣೆದೋಸೆ ತಿಂದೇ ಏಳುತ್ತಿದ್ದವನು. ಜೋಡಿ ದಿಬ್ಬಗಳು ಅಕ್ಕತಂಗಿಯರವು, ಒಬ್ಬನೇ ಗಂಡನ್ನು ಇಬ್ಬರೂ ಬೇಡವೆಂದವರು.

“ಮಾಲತೇಶಣ್ಣ, ಸತ್ತೋರು ಎದ್ದು ಬಂದು ಕೇಳಾಂಗಿಲ್ಲ ಅಂತ ನಿಂಗೆ ಧೈರ್ಯ” ಎನ್ನುತ್ತಾನೆ ಖಲೀಲ್.

ನಾನು ಕಟ್ಟಿದ್ದರಲ್ಲೆಲ್ಲ ದೊಡ್ಡದು ನಮ್ಮ ಚೌಡೇಶ್ವರಿಯ ಮಹಿಮೆ. ಗೇಟಿನ ಎಡಕ್ಕೆ ಬೇವಿನ ಬುಡದಲ್ಲಿದ್ದಾಳೆ. ಅಗಲವಾದ ದುಂಡು ಕಲ್ಲು, ಅರಿಶಿನ ಕುಂಕುಮ ಬಳಿದು ಬಳಿದು ಕಲ್ಲಿನ ಬಣ್ಣವೇ ಮರೆತುಹೋಗಿದೆ. ನಟ್ಟನಡುವೆ ಬಾಯಿ. ಎದೆಹಾಲು ಬತ್ತಿದ ಬಾಣಂತಿಯರು, ಹಾಲು ಹಿಡಿಯದ ಕೂಸುಗಳ ತಾಯಂದಿರು ಬಂದು ಆ ಬಾಯಿಗೆ ಹಾಲೆರೆಯುತ್ತಾರೆ. ಕೊಡಗಟ್ಟಲೆ ಎರೆದರೂ ತೊಟ್ಟು ಉಳಿಸದೆ ಕುಡಿಯುತ್ತಾಳೆ. ಪೂಜೆಯನ್ನು ಎದುರುಮನೆಯ ಅನ್ನಪೂರ್ಣಮ್ಮ ನೋಡಿಕೊಂಡರೆ ಪ್ರಚಾರವನ್ನು ನಾನು ನೋಡಿಕೊಳ್ಳುತ್ತೇನೆ. ಸಿಡಿಲು ಬಡಿದು ಭೂಮಿ ಬಿರಿದು, ಏಳು ಹೆಡೆಯ ಸರ್ಪದ ನೆರಳಲ್ಲಿ ತಾಯಿ ತಾನೇ ಎದ್ದು ಬಂದಳೆಂದು ಮೊದಲು ಹೇಳಿದವನು ನಾನು. ಈಗ ಊರಲ್ಲಿ ಹೆಡೆಗಳು ಒಂಬತ್ತಾಗಿವೆ. ಆ ಎರಡು ನನ್ನವಲ್ಲ.

ಕಳೆದ ಕಾರ್ತೀಕದ ಒಂದು ಬೆಳಿಗ್ಗೆ ಖಲೀಲನ ಗಾಡಿಯ ಮುಂದೆ ಒಬ್ಬ ಮುದುಕಿ ಬಂದು ನಿಂತಳು. ಕಂಕುಳಲ್ಲಿ ಕೈಚೀಲ. ಅದರಿಂದ ನೀರಿನ ಬಾಟಲಿಯ ಮೂತಿ ಹೊರಗೆ ಕಾಣುತ್ತಿತ್ತು, ಒಳಗಿದ್ದದ್ದು ಹಾಲು.

“ಇಲ್ಲಿ ಹೂತೋರ ಜಾಗ ಯಾರಿಗೆ ಗೊತ್ತಿರ್ತೈತಪ್ಪ?”

ಖಲೀಲ್ ಹಲ್ಲು ಕಿಸಿದು ನನ್ನ ಕಡೆ ಗದ್ದ ತೋರಿಸಿದ. “ಈ ಅಣ್ಣನ್ನ ಕೇಳವ್ವ. ಅಲ್ಲಿ ಮಲಗಿರೋರೆಲ್ಲ ಇವ್ರಿಗೆ ದಿನಾ ಸಲಾಂ ಹೊಡೀತಾರೆ.”

ನಾನು ಹೆಗಲ ಮೇಲಿನ ಟವೆಲ್ ಕೊಡವಿಕೊಂಡೆ. “ಹೇಳವ್ವ, ಯಾರು ಬೇಕು? ಇಲ್ಲಿ ನನಗ ಗೊತ್ತಿಲ್ಲದ ಒಂದು ಹಿಡಿ ಮಣ್ಣಿಲ್ಲ.”

ಮುದುಕಿಯ ಕಣ್ಣಲ್ಲಿ ಬೆಳಕು ಬಂದಿತು. ಆ ಬೆಳಕು ಬಾರದೇ ಇದ್ದಿದ್ದರೆ ನಾನು ಬಹುಶಃ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಹೆಸರು ಕೊಟ್ರವ್ವ, ಊರು ಭಾನುವಳ್ಳಿ. ಮದುವೆಯಾದ ಹೊಸತರಲ್ಲಿ ಗಂಡ ಹನುಮಂತಪ್ಪನ ಜೊತೆ ಗಿರಣಿಯ ಕೂಲಿಗೆಂದು ದಾವಣಗೆರೆಗೆ ಬಂದಿದ್ದಳು. ಇಲ್ಲಿಯೇ ಮೊದಲ ಹೆರಿಗೆ. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಯಿತು.

“ಹಸಿ ಬಾಣಂತಿ ಮಸಾಣಕ್ಕೆ ಹೋಗಬಾರ್ದು ಅಂತ ನನ್ನ ಮನೆಯಾಗ ಕೂಡ್ಸಿದ್ರು” ಎಂದಳು ಕೊಟ್ರವ್ವ. “ಇವ್ರೊಬ್ರೇ ಟವೆಲಿನಾಗ ಸುತ್ಕೊಂಡು ಬಂದು ಮಣ್ಣು ಮಾಡಿದ್ರು. ಮೂರನೇ ದಿನ ಹಾಲು-ತುಪ್ಪ ಬಿಡಾಕ ಹೋಗ್ರಿ ಅಂದೆ. ಹೆಸರಿಲ್ಲದ ಕೂಸಿಗೆ ಅದೆಲ್ಲ ಇಲ್ಲ ಅಂದ್ರು ಅತ್ತಿ. ಎಲ್ಲಾರಿಗೂ ಬಿಡ್ತಾರೆ ಯಪ್ಪಾ, ಅದಕ್ಕೊಂದು ಬಿಡಲಿಲ್ಲ. ಕೂಸು ಹೋಗಿತ್ತು, ಎದಿಗೆ ಮಾತ್ರ ಗೊತ್ತಾಗಿರ್ಲಿಲ್ಲ. ಹಾಲು ಬರಾದು ನಿಲ್ಲವಲ್ದು. ಗೋಡೆಗೆ ಹಿಂಡಿ ಹಿಂಡಿ ಚೆಲ್ಲಿದೆ.”

ಖಲೀಲ್ ಸ್ಟೌವಿನ ಉರಿ ತಗ್ಗಿಸಿದ.

ಹಳೇ ರುದ್ರಭೂಮಿಯನ್ನು ಸಮ ಮಾಡುತ್ತಾರಂತೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಸಮ ಮಾಡುವ ಮೊದಲು ಒಂದು ಸಲ ಆ ಜಾಗ ನೋಡಬೇಕು, ಹಾಲು-ತುಪ್ಪ ಬಿಡಬೇಕು. ಅವಳು ಬಂದದ್ದು ಅಷ್ಟಕ್ಕೇ.

“ಗುರುತೇನಾರ ಐತಾ?” ಎಂದೆ.

“ಐತೆ. ನಾಯಿ ಕೆದರಬಾರ್ದು ಅಂತ ಇವ್ರು ನಮ್ಮ ಬೀಸುಕಲ್ಲಿನ ಮ್ಯಾಲಿನ ಕಲ್ಲು ಹೊತ್ಕೊಂಡು ಹೋಗಿ ಮಣ್ಣಿನ ಮ್ಯಾಲೆ ಇಟ್ಟು ಬಂದ್ರು. ಹುಣಸೆಮರದ ಬುಡಕ್ಕೆ. ಕೆಳಗಿನ ಕಲ್ಲು ನನ್ನ ಹತ್ರಾನೇ ಐತೆ, ಬಚ್ಚಲ ಪಕ್ಕ. ಒಂಟಿ ಕಲ್ಲು ಯಾತಕ್ಕೆ ಬರ್ತೈತೆ ಅಂತ ಸೊಸಿ ದಿನಾ ಬೈತಾಳ. ಇವ್ರು ಇರೋ ತನ ಹೊಸಾ ಕಲ್ಲು ತರ್ತೀನಿ ಅಂತಿದ್ರು. ನಾನೇ ಬ್ಯಾಡ ಅಂದೆ.”

ಅಲ್ಲಿ ಹುಣಸೆಮರವಿಲ್ಲ. ಹಿಂದೆ ಇತ್ತು, ಈಗಿಲ್ಲ. ಆದರೆ ಒಂದು ಹಿಡಿ ಮಣ್ಣನ್ನೂ ಬಿಡದೆ ಬಲ್ಲವನು ನಾನು, ಬಾಯಿ ಬಿಟ್ಟು ಆಗಿತ್ತು. ಎದೆ ಸೆಟೆಸಿಕೊಂಡು ಮುಂದೆ ನಡೆದೆ. ಜಾಲಿ ಸರಿಸಿ, ಒಂದು ಪುಟ್ಟ ದಿಬ್ಬದ ಮುಂದೆ ನಿಂತು, “ಇದೇ ನೋಡವ್ವ” ಎಂದೆ.

“ಕಲ್ಲು?”

“ಮಣ್ಣಾಗ ಇಳಿದೈತೆ. ಎಷ್ಟು ವರ್ಷ ಆತು.”

ಅವಳು ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದರತೊಡಗಿದಳು. ನೆಲ ಸುಟ್ಟ ಇಟ್ಟಿಗೆಯಂತಿತ್ತು. ಮೊದಲು ಉಗುರಿಗೆ ಮಣ್ಣು ಮೆತ್ತಿತು, ಆಮೇಲೆ ಉಗುರಿನ ಸಂದಿಯಲ್ಲಿ ರಕ್ತ ಕಂಡಿತು. “ಸಾಕವ್ವ” ಎಂದೆ. ಕೇಳಲಿಲ್ಲ. ನಾನೂ ಕೂತು ಕೆದರಿದೆ. ಸಿಕ್ಕಿದ್ದು ಒಡೆದ ಬಳೆಯ ಒಂದು ಚೂರು. ಅದು ಯಾರದೋ ದೊಡ್ಡ ಕೈಯದು.

ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ನಿಂಗೆ ಗೊತ್ತಿಲ್ಲ, ಅಲ್ಲೇನಪ್ಪ?” ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹತ್ತು ಜಿಲ್ಲೆಗೆ ಕೇಳುವ ಗಂಟಲಿನವನು ಬಳೆಯ ಚೂರನ್ನು ಮತ್ತೆ ಮಣ್ಣಿಗೆ ಒತ್ತುತ್ತ ಕೂತೆ.

ಖಲೀಲ್ ಚಹದ ಲೋಟ ಹಿಡಿದುಕೊಂಡು ಅಲ್ಲಿಗೇ ಬಂದಿದ್ದ. ಅದನ್ನು ಅವಳ ಕೈಗೆ ಕೊಟ್ಟು, ನನ್ನನ್ನು ತುಸು ದೂರ ಕರೆದ. “ಅಣ್ಣ, ಹುಣಸೆಮರ ರಸ್ತೆ ಕಡೆ ಇತ್ತು. ರಸ್ತೆ ಅಗಲ ಮಾಡುವಾಗ ಕಡಿದ್ರು. ಆ ಬುಡದ ಮಣ್ಣೆಲ್ಲ ಟ್ರ್ಯಾಕ್ಟರಿಗೆ ತುಂಬಿ ಒಯ್ದು ರಸ್ತೆಗೇ ಹಾಕಿದ್ರು. ಕಲ್ಲುಗಳನ್ನ ಮಾತ್ರ ಒಗೆದು ಹೋದ್ರು.”

“ಎಲ್ಲಿಗೆ ಒಗೆದ್ರು?”

ಅವನು ಬೇವಿನ ಮರದ ಕಡೆ ನೋಡಿದ. ನಾನೂ ನೋಡಿದೆ. ದುಂಡಗಿನ ಕಲ್ಲು. ನಡುವೆ ಕಾಳು ಸುರಿಯುವ ಬಾಯಿ. ಬೀಸುಕಲ್ಲನ್ನು ನಾನು ನೋಡಿಲ್ಲವೇ? ನನ್ನ ಅವ್ವ ಬೀಸುವಾಗ ಅವಳ ತೊಡೆಯ ಮೇಲೆ ಮಲಗಿ ಬೆಳೆದವನು. ಆದರೂ ಇಷ್ಟು ವರ್ಷ ಆ ಕಲ್ಲಿನ ಮುಂದೆ ನಿಂತು ಸಿಡಿಲು, ಸರ್ಪ ಎಂದು ಒದರಿದೆನೇ ಹೊರತು ಕಲ್ಲನ್ನು ನೋಡಿರಲಿಲ್ಲ.

ಕೊಟ್ರವ್ವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಗೇಟಿನ ಕಡೆ ಬರುವಾಗ ಅವಳೇ ನಿಂತುಬಿಟ್ಟಳು. ಬೇವಿನ ಬುಡದಲ್ಲಿ ಒಬ್ಬ ಎಳೆಯ ಬಾಣಂತಿ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಲೋಟದಿಂದ ಆ ಬಾಯಿಗೆ ಹಾಲು ಎರೆಯುತ್ತಿದ್ದಳು. ಅವಳು ಎದ್ದು ಹೋಗುವವರೆಗೂ ಕೊಟ್ರವ್ವ ಕಾದಳು. ಆಮೇಲೆ ಮೆಲ್ಲಗೆ ಹೋಗಿ ಕೂತು, ಕಲ್ಲಿನ ಅಂಚಿನ ಗುಂಟ ಹೆಬ್ಬೆರಳು ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. ಕುಂಕುಮದ ದಪ್ಪ ಪದರದ ಕೆಳಗೆ ಅಂಚು ಚಕ್ಕೆ ಎದ್ದಿತ್ತು.

“ಮದುವಿ ಆಗಿ ಬಂದ ವರ್ಷ ಬೀಳ್ಸಿದ್ದೆ” ಎಂದಳು, ನಮಗಲ್ಲ. “ಅತ್ತಿ ಬೈದಿದ್ರು.”

“ಅಮ್ಮನ್ನ ಮುಟ್ಟಬ್ಯಾಡ್ರಿ ಅಜ್ಜಿ” ಎನ್ನುತ್ತ ಅನ್ನಪೂರ್ಣಮ್ಮ ಆರತಿ ತಟ್ಟೆ ಹಿಡಿದು ರಸ್ತೆ ದಾಟಿ ಬಂದರು. “ದೂರದಿಂದ ಎರೀರಿ, ಮಡಿ ಐತೆ.”

ಕೊಟ್ರವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಬಾಯಿ ತೆರೆದೆ. ಈ ಕಲ್ಲು ಯಾರದು, ಮುಟ್ಟುವ ಹಕ್ಕು ಯಾರಿಗಿದೆ ಎಂದು ಹಾರ್ನಿಲ್ಲದೆಯೇ ಹರಿಹರಕ್ಕೆ ಕೇಳುವಂತೆ ಕೂಗುವವನಿದ್ದೆ. ಅವಳು ನನ್ನ ಪಂಚೆಯ ಅಂಚು ಹಿಡಿದು ಜಗ್ಗಿದಳು. ಬ್ಯಾಡ ಎಂದು ತಲೆಯಾಡಿಸಿದಳು.

“ಎಲ್ಲಿಂದ ಬಂದಾಳವ್ವ ಈಕಿ?” ಎಂದು ಅನ್ನಪೂರ್ಣಮ್ಮನನ್ನು ಕೇಳಿದಳು.

“ತಾನೇ ಎದ್ದು ಬಂದಾಳ್ರಿ. ಸಿಡಿಲು ಬಡಿದು, ಒಂಬತ್ತು ಹೆಡೆ ಸರ್ಪ ಕಾವಲಿತ್ತು. ಬೇಕಾದ್ರೆ ಇವ್ರನ್ನ ಕೇಳ್ರಿ, ಕಂಡೋರು.” ಅನ್ನಪೂರ್ಣಮ್ಮ ನನ್ನತ್ತ ಕೈ ತೋರಿಸಿದರು. ನಾನು ಬೇವಿನ ಎಲೆ ನೋಡುತ್ತ ನಿಂತೆ.

“ದಿನಾ ಹಾಲು ಎರೀತಾರೇನು?”

“ದಿನಾ. ಒಂದು ದಿನ ತಪ್ಪಿಲ್ಲ. ಯಾರಾದ್ರೂ ಬಾರದಿದ್ರೆ ನಾನೇ ಎರೀತೀನಿ.”

ಕೊಟ್ರವ್ವ ಅನ್ನಪೂರ್ಣಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಬಾಟಲಿಯ ಮುಚ್ಚಳ ತಿರುಗಿಸಿ ಹಾಲು ಎರೆದಳು, ನಿಧಾನವಾಗಿ, ಮಲಗಿದ ಕೂಸಿನ ಬಾಯಿಗೆ ಒಳಲೆಯಲ್ಲಿ ಹಾಕುವ ಹಾಗೆ. ಚೀಲದಿಂದ ಪುಟ್ಟ ಡಬ್ಬಿ ತೆಗೆದು ತುಪ್ಪವನ್ನೂ ಬಿಟ್ಟಳು.

“ಯಾರ ಸಲುವಾಗಿ ಹರಕೆ? ಮೊಮ್ಮಗಳಿಗಾ?”

“ಮಗಳಿಗೆ.”

“ಈ ವಯಸ್ಸಿನಾಗ ನಿಮಗ ಎಂಥಾ ಮಗಳ್ರಿ?” ಎಂದು ಅನ್ನಪೂರ್ಣಮ್ಮ ನಕ್ಕರು. ಕೊಟ್ರವ್ವನೂ ನಕ್ಕಳು. ಅಂಥ ನಗುವನ್ನು ನಾನು ಯಾವ ಸಾವಿನ ಮನೆಯಲ್ಲೂ ಕಂಡಿಲ್ಲ. ನಾನು ಕಂಡ ಸಾವಿನ ಮನೆಗಳು ಲಕ್ಷಕ್ಕೆ ಕಡಿಮೆಯಿಲ್ಲ.

ಬಸ್ ಸ್ಟ್ಯಾಂಡಿಗೆ ಬೇಡ, ಹರಿಹರದ ತನಕ ನಾನೇ ಬಿಡುತ್ತೇನೆ ಎಂದು ಅವಳನ್ನು ಆಟೋ ಹತ್ತಿಸಿದೆ. ಕೂತ ಮೇಲೆ ಅವಳು ಖಲೀಲನನ್ನು ಕೇಳಿದಳು. “ಕಲ್ಲು ಇಲ್ಲಿಗೆ ಬಂತು. ಮಣ್ಣು ಎಲ್ಲಿಗೆ ಹೋತಪ್ಪ?”

ಖಲೀಲ್ ನೆಲ ನೋಡಿದ. “ಈ ರಸ್ತೆಗೇ ಅವ್ವ. ಹರಿಹರದ ಕಡೆ ರಸ್ತೆಗೆ. ಯಾವ ಜಾಗ ಅಂತ ಹೇಳಾಕ ಆಗಂಗಿಲ್ಲ.”

ಆಟೋ ಹೊರಟಿತು. ಕನ್ನಡಿಯಲ್ಲಿ ನೋಡಿದೆ. ಅವಳು ಚಪ್ಪಲಿ ಬಿಚ್ಚಿ ಚೀಲದೊಳಗೆ ಇಟ್ಟುಕೊಂಡು, ಕಾಲುಗಳನ್ನು ಸೀಟಿನ ಮೇಲಕ್ಕೆ ಮಡಚಿಕೊಂಡಿದ್ದಳು.

“ಮೆಲ್ಲಗ ಹೋಗಪ್ಪ” ಎಂದಳು.

ಮೆಲ್ಲಗೆ ಹೋದೆ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ಬೈದು ಮುಂದಕ್ಕೆ ಹೋದವು. ಅರ್ಧ ದಾರಿಯಲ್ಲಿ ಅವಳು ಕೇಳಿದಳು. “ನೀನು ಸತ್ತೋರ ಹೆಸರು ಕೂಗ್ತೀಯಂತಲ್ಲ. ನನ್ನ ಕೂಸು ಸತ್ತಾಗ ಯಾರೂ ಯಾರಿಗೂ ಹೇಳ್ಲಿಲ್ಲ. ಒಂದು ಸಲ ಹೇಳು.”

ಮೈಕು ಕೈಗೆ ತೆಗೆದುಕೊಂಡೆ. ಹೆಸರು ಬೇಕಿತ್ತು. ಗುಂಡಿ ಒತ್ತದೆ ಕನ್ನಡಿ ನೋಡಿದೆ. ಅವಳಿಗೇ ತಿಳಿಯಿತು.

“ಜನ ಇಟ್ಟಾರಲ್ಲ. ಅದನ್ನೇ ಹೇಳು.”

“ದುಃಖದ ಸಮಾಚಾರ” ಎಂದೆ. “ಭಾನುವಳ್ಳಿಯ ಹನುಮಂತಪ್ಪ, ಕೊಟ್ರವ್ವ ದಂಪತಿಯ ಹಿರಿಯ ಮಗಳು ಚೌಡೇಶ್ವರಿ ದೈವಾಧೀನರಾಗಿದ್ದಾರೆ.” ಅಲ್ಲಿಗೆ ನಿಂತಿತು. ಮುಂದೆ ಏನು ಹೇಳುವುದು? ಅದು ಏನೂ ಮಾಡಿರಲಿಲ್ಲ. ಅಷ್ಟು ಹೊತ್ತೇ ಇರಲಿಲ್ಲ.

“ಊರ ಮಂದಿಗೆಲ್ಲ ಗುಡ್ಡದಷ್ಟು ಹೇಳ್ತಿಯಂತೆ” ಎಂದಳು ಕೊಟ್ರವ್ವ ಹಿಂದಿನಿಂದ. “ನನ್ನ ಕೂಸಿಗೆ ಇಷ್ಟೇನಾ?”

ಆಗ ಹೇಳಿದೆ. ಹರಿಹರದ ಮೊದಲ ಮನೆಗಳು ಬರುತ್ತಿದ್ದವು. ಸಾವಿರಾರು ಕೂಸುಗಳಿಗೆ ಹಾಲುಣಿಸಿದವರು, ಬಾಣಂತಿಯರ ಕಣ್ಣೀರು ಒರೆಸಿದವರು, ಬಿಸಿಲು ಮಳೆಯೆನ್ನದೆ ಒಂದೇ ಕಡೆ ಕೂತು ಊರನ್ನು ಕಾದವರು, ಮೃತರು ತಾಯಿ, ತಮ್ಮಂದಿರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡದಾಗಿ ಯಾರನ್ನೂ ಕೂಗಿರಲಿಲ್ಲ. ಕನ್ನಡಿಯಲ್ಲಿ ಅವಳ ಸೆರಗು ಮಾತ್ರ ಕಾಣುತ್ತಿತ್ತು, ಮುಖದ ಮೇಲಿತ್ತು.

ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಪಾತ್ರೆ ಅಂಗಡಿಯವನು ಮೆಟ್ಟಿಲಿಳಿದು ಬಂದ. ತಲೆ ಅರ್ಧ ನರೆತಿತ್ತು.

“ಯಾರ್ರಿ ತೀರ್ಕೊಂಡೋರು? ವಯಸ್ಸೇನು?”

ಕೊಟ್ರವ್ವನೇ ಹೇಳಿದಳು. “ಈಗ ಐವತ್ತು ದಾಟಿರ್ತಿತ್ತಪ್ಪ.”

“ಛೇ, ನನ್ನ ವಾರಿಗೆಯೋರು” ಎಂದ ಅವನು. ಬೀದಿಯಲ್ಲಿ ಹೆಣ ಸಾಗುವಾಗ ಮಾಡುವಂತೆ ಹಿಂದಿರುಗಿ ಹೋಗಿ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಕೈಕಟ್ಟಿ ನಿಂತ.

ಕೊಟ್ರವ್ವ ಅದನ್ನು ನೋಡಿದಳು. ಬರಿಗಾಲಲ್ಲೇ ಇಳಿದು, ಚೀಲ ಎದೆಗವಚಿಕೊಂಡು ಭಾನುವಳ್ಳಿ ಬಸ್ಸಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ.

ಅವತ್ತು ಹರಿಹರದಲ್ಲಿ ಸಾವಿರ ಅಂಗಡಿಗಳ ಬಾಗಿಲು ಮುಚ್ಚಿದವು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಖಲೀಲನಿಗೂ ಹಾಗೆಯೇ ಹೇಳಿದ್ದೇನೆ. ಇಳಿದದ್ದು ಒಂದು, ಅದೂ ಅರ್ಧ.