ಹದಿನಾಲ್ಕನೇ ಪುಟ

ಹೂಚಕ್ರಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅವಳು ಸಾವಿನ ಮನೆಯ ಗೇಟಿನ ಬಳಿಯೇ ನಿಂತು ಪರಪರ ಹರಿಯುತ್ತಿದ್ದಳು. ವಿಶ್ವವಿದ್ಯಾಲಯದ ಕಾರಿನ ಚಾಲಕ ಕೈಚಾಚಿ ತಡೆಯಲು ನೋಡಿದ.

"ಮೇಡಂ, ಅದು ಹಾಗೇ ಇಡೋದು. ಹೂವು ಬಾಡಬಾರದು ಅಂತ ಸುತ್ತಿರೋದು."

"ಬಾಡ್ಲಿ ಬಿಡಿ. ಒಳಗೆ ಮಲಗಿರೋರು ಈ ಹಾಳೆ ನೋಡಿದ್ರೆ ಎದ್ದು ಕೂತು ಬೈತಾರೆ."

ಚಾಲಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಎದ್ದು ಕೂತು ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದರೂ ಆ ಮನುಷ್ಯ ಅವಳನ್ನು ಒಂದು ದಿನ ಬೈದವರಲ್ಲ. ಬೈಯಲೇಬೇಕಾಗಿದ್ದ ದಿನವೂ ಬೈಯಲಿಲ್ಲ. ಅವರಿಗೆ ವಿಷಯ ಗೊತ್ತಾಗಿತ್ತೋ ಇಲ್ಲವೋ ಎನ್ನುವುದೇ ಎರಡು ದಿನದಿಂದ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಸತ್ತವರು ವಿಶ್ವವಿದ್ಯಾಲಯದ ಸುಸ್ಥಿರತಾ ಕಚೇರಿಯ ಅಧಿಕಾರಿ. ಅಷ್ಟುದ್ದದ ಹೆಸರು ಬಾಗಿಲ ಮೇಲಿನ ಫಲಕಕ್ಕೆ ಮಾತ್ರ. ಜನರ ಬಾಯಲ್ಲಿ ಅದು ಹಸಿರು ಆಫೀಸು, ಅಧಿಕಾರಿ ಸ್ವಿಚ್ಚಪ್ಪ. ಖಾಲಿ ತರಗತಿಗಳಲ್ಲಿ ಸುಮ್ಮನೆ ಉರಿಯುವ ದೀಪಗಳನ್ನು ಆರಿಸುತ್ತಾ ದಿನಕ್ಕೆ ಎರಡು ಸುತ್ತು ಹಾಕುತ್ತಿದ್ದವರಿಗೆ ಹುಡುಗರು ಇಟ್ಟ ಹೆಸರು ಅದು. ಅವರಿಗೂ ಗೊತ್ತಿತ್ತು. "ಇನ್ನೇನಾದ್ರೂ ಕೆಟ್ಟದ್ದು ಇಡ್ಲಿಲ್ಲವಲ್ಲ, ಪುಣ್ಯ" ಎಂದು ನಗುತ್ತಿದ್ದರು. ಮೊನ್ನೆ ಗ್ರಂಥಾಲಯದ ಮೂರನೇ ಮಹಡಿಗೆ ದೀಪ ಆರಿಸಲು ಹೊರಟವರು ಅರ್ಧ ಮೆಟ್ಟಿಲಲ್ಲಿ ಕೂತರು, ಮತ್ತೆ ಏಳಲಿಲ್ಲ. ನಿವೃತ್ತಿಗೆ ಮೂರು ತಿಂಗಳಿತ್ತು. ದೀಪವೇನೋ ಉರಿಯುತ್ತಲೇ ಇತ್ತಂತೆ.

ಕಚೇರಿಯಲ್ಲಿದ್ದವರು ಮೂವರೇ: ಅವರು, ವರದಿ ಬರೆಯುವ ಇವಳು, ಗಿಡ ನೋಡಿಕೊಳ್ಳುವ ಮಾಲಿ. ಈಗ ಇಬ್ಬರು.

ಮಾಲಿ ಅಂಗಳದ ಮೂಲೆಯಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಅವಳು ಹೂಚಕ್ರ ಹಿಡಿದು ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಕುಲಸಚಿವರು ಬರ್ತಾರಂತೆ. ಇವತ್ತು ಅವರ ಮುಂದೆ ಹೇಳಿಬಿಡ್ತೀನಿ. ಸರಿಯಾದ ಲೆಕ್ಕ ಏನು ಅಂತ."

"ಇವತ್ತಾ?"

"ಇವತ್ತು ಹೇಳದಿದ್ರೆ ಇನ್ಯಾವತ್ತು?"

ಮಾಲಿ ಅವಳ ಮುಖ ನೋಡಿದ.

*

ಸರಿಯಾದ ಲೆಕ್ಕದ ಕತೆ ಹೀಗೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಅವರ ಕೈಯಲ್ಲಿ ಒಂದೊಂದು ಸಸಿ ನೆಡಿಸುವುದು ಹಸಿರು ಆಫೀಸಿನ ಪದ್ಧತಿ. ಗುಂಡಿಗಳು ಎಂಟುನೂರು ಚಿಲ್ಲರೆ. ಒಂದು ಸಲ ತೋಡಿದ್ದು ಅಷ್ಟೇ. ಹಳೆಯ ಸಸಿ ಒಣಗಿದ್ದರೆ ಕಿತ್ತು ಅದೇ ಗುಂಡಿಗೆ ಹೊಸದು. ಫೋಟೊ ಹೊಡೆದಾದ ಮೇಲೆ ವಾರ್ಷಿಕ ವರದಿಯ ಹದಿನಾಲ್ಕನೇ ಪುಟದಲ್ಲಿ ಹಿಂದಿನ ಮೊತ್ತಕ್ಕೆ ಆ ವರ್ಷದ್ದು ಕೂಡಿಸುವುದು. ಮೊದಲ ಹನ್ನೊಂದು ವರ್ಷ ಅವರೇ ಕೂಡಿಸಿದರು, ಆಮೇಲಿನ ಹನ್ನೊಂದು ವರ್ಷ ಇವಳು. ಒಟ್ಟು ಮರಗಳು: ಹನ್ನೊಂದು ಸಾವಿರದ ನಾನೂರ ಎಂಬತ್ತು. ಅದು ಸುಳ್ಳು ಎಂದು ಇಬ್ಬರಿಗೂ ಅನಿಸಿರಲಿಲ್ಲ. ನೆಟ್ಟದ್ದು ನಿಜ ತಾನೆ?

ಕಳೆದ ವರ್ಷ ಒಂದು ಬೆಳಗ್ಗೆ ಅವರು ಕೆಸರು ಮೆತ್ತಿದ ಬೂಟಿನಲ್ಲೇ ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು. ಅವರು ಕೆಸರು ತಂದದ್ದು ಅದೇ ಮೊದಲು.

"ನಾವು ನೆಟ್ಟಿದ್ದನ್ನ ಎಣಿಸಿದ್ವಿ ಕಣಮ್ಮ. ಬದುಕಿರೋದನ್ನ ಎಣಿಸಲೇ ಇಲ್ಲ."

ಆಮೇಲೆ ನಾಲ್ಕು ತಿಂಗಳು, ದಿನಾ ಬೆಳಗ್ಗೆ, ಮಾಲಿಯನ್ನು ಜೊತೆಗಿಟ್ಟುಕೊಂಡು ಆವರಣವಿಡೀ ತಿರುಗಿದರು. ಬದುಕಿದ ಒಂದೊಂದು ಮರಕ್ಕೂ ಅಂಕಿ ಕೊರೆದ ಪುಟ್ಟ ತಗಡು ಕಟ್ಟಿದರು. ಕೊನೆಯ ತಗಡು ಕಟ್ಟಿದ ದಿನ ಬಂದು, "ಬರೀಮ್ಮ, ಮುನ್ನೂರ ಹನ್ನೆರಡು" ಎಂದರು.

"ಸರ್, ನಗ್ತಾರೆ ಎಲ್ಲರೂ."

"ನಗ್ಲಿ. ಇಪ್ಪತ್ತೆರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೀನಿ. ಹೋಗೋ ಮುಂಚೆ ಒಂದೇ ಒಂದು ನಿಜ ಬರೆದು ಹೋಗ್ತೀನಿ."

ಬರೆದಳು. ಅಚ್ಚಿಗೆ ಕಳಿಸುವ ಹಿಂದಿನ ದಿನ ಈ ಲೆಕ್ಕದ ಸುದ್ದಿ ಮುಟ್ಟಿ ಕುಲಸಚಿವರು ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಆ ಮನುಷ್ಯ ಗದರುವವರಲ್ಲ; ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. "ಅವರು ಹೋಗೋರು. ಇರೋರು ನೀವು. ನಿಮ್ಮ ಒಪ್ಪಂದ ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತಲ್ವಾ?" ಅಷ್ಟೇ. ಹೋದ ವರ್ಷದ ವರದಿಯನ್ನು ಹದಿನಾಲ್ಕನೇ ಪುಟಕ್ಕೆ ತೆರೆದು ಅವಳತ್ತ ತಿರುಗಿಸಿಟ್ಟರು. ಅವಳು ವಾಪಸ್ಸು ಬಂದು ಅಂಕಿ ಬದಲಿಸಿ ಅಚ್ಚಿಗೆ ಕಳಿಸಿದಳು. ಐದು ಗುಂಡಿ ಒತ್ತುವುದಕ್ಕೆ ಎಷ್ಟು ಹೊತ್ತು ಬೇಕು?

ಪುಸ್ತಕಗಳು ಹದಿನೈದು ದಿನ ತಡವಾಗಿ ಬಂದವು. ಪ್ರೆಸ್ಸಿನವನ ಮೇಲೆ ಅವಳು ಫೋನಿನಲ್ಲಿ ಕೂಗಾಡಿದ್ದಳು. ಬಂದ ದಿನ ಅವರೇ ಒಂದು ಪ್ರತಿ ತಂದು ಅವಳ ಮೇಜಿನ ಮೇಲಿಟ್ಟರು.

"ಇದು ನಿನ್ನದು. ಹದಿನಾಲ್ಕನೇ ಪುಟ ಒಂದ್ಸಲ ನೋಡಮ್ಮ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವಳು ಆ ಪುಸ್ತಕವನ್ನು ಮುಟ್ಟುವುದಕ್ಕೂ ಹೆದರಿದಳು. "ನೋಡ್ತೀನಿ ಸರ್" ಎಂದಳು, ಅವರ ಮುಖ ನೋಡಲಿಲ್ಲ. ಕಂಪ್ಯೂಟರಿನ ಪರದೆ ತಗ್ಗಾಗಿ ಕತ್ತು ನೋಯುತ್ತಿತ್ತು. ಪುಸ್ತಕವನ್ನು ಅದರ ಕೆಳಗೆ ಸೇರಿಸಿಬಿಟ್ಟಳು. ಒಂದೂವರೆ ತಿಂಗಳು ಅದು ಅಲ್ಲೇ ಇತ್ತು. ಅವರು ಎದುರಿಗೇ ಇದ್ದರು.

*

ಸ್ಮಶಾನದಲ್ಲಿ ಜನ ಹೆಚ್ಚಿರಲಿಲ್ಲ. ಹೆಂಡತಿ, ಹೆಂಡತಿಯ ತಂಗಿ, ಕ್ಯಾಂಟೀನಿನವನು, ಗ್ರಂಥಾಲಯದ ಇಬ್ಬರು, ಕೈಯಲ್ಲಿ ಹೆಲ್ಮೆಟ್ ಹಿಡಿದ ನಾಲ್ಕು ವಿದ್ಯಾರ್ಥಿಗಳು. ಮಾಲಿ ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ಬಗ್ಗಿ ನೋಡಿದ. ಎಷ್ಟಾದರೂ ಕಸುಬಿನ ಕಣ್ಣು.

"ಒಳ್ಳೆ ಆಳ ತೆಗೆದಿದ್ದಾರೆ ಮೇಡಂ" ಎಂದ. "ನಮ್ಮ ಗಿಡಗಳಿಗೆ ಇದರಲ್ಲಿ ಕಾಲು ಭಾಗ ತೆಗೆದಿದ್ರೂ ಬದುಕ್ಕೊಳ್ತಿದ್ವು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕುಲಸಚಿವರು ನಾಲ್ಕು ಮಾತಾಡಿದರು. ಫೋನು ನೋಡಿಕೊಂಡು ಓದಿದರು ಎನ್ನುವುದು ಸರಿ. ಸರಳ ಜೀವಿ ಎಂದರು, ಆವರಣದ ಉಸಿರು ಎಂದರು. ಬದುಕಿದ್ದಾಗ ಅದೇ ಉಸಿರಿಗೆ ಒಂದು ಹೊಸ ಕುರ್ಚಿ ಕೇಳಿದ ಅರ್ಜಿ ಮೂರು ವರ್ಷ ಈ ಕುಲಸಚಿವರ ಮೇಜಿನ ಮೇಲೆ ಮಲಗಿತ್ತು. "ಹನ್ನೊಂದು ಸಾವಿರದ ನಾನೂರ ಎಂಬತ್ತು ಮರಗಳಿಗೆ ತಂದೆಯಂತಿದ್ದವರು" ಎಂದು ಮುಗಿಸಿದರು. ಮಾಲಿ ತಿರುಗಿ ಅವಳನ್ನು ನೋಡಿದ.

ಅವಳು ಹೆಜ್ಜೆ ಕಿತ್ತಿಟ್ಟು ಹತ್ತಿರ ಹೋದಳು. "ಸರ್, ಆ ಸಂಖ್ಯೆ..."

"ಹೌದಮ್ಮ, ದೊಡ್ಡ ಸಂಖ್ಯೆ. ನಿಮ್ಮ ಪಾಲೂ ಇದೆ ಅದರಲ್ಲಿ." ಕುಲಸಚಿವರ ದನಿ ಇನ್ನೂ ಮೆತ್ತಗಾಯಿತು. "ಇನ್ಮೇಲೆ ಆಫೀಸು ನೀವೇ ನೋಡ್ಕೋಬೇಕು. ನಾನು ಕುಲಪತಿಗಳ ಹತ್ತಿರ ಮಾತಾಡಿದ್ದೀನಿ. ಮಧ್ಯಾಹ್ನ ಅವರ ನೆನಪಿಗೆ ಒಂದು ಸಸಿ ನೆಡ್ತೀವಿ, ಬನ್ನಿ."

ಕಡ್ಡಿ ಮುರಿದ ಹಾಗೆ ಹೇಳಬೇಕೆಂದು ಬಂದವಳು "ಆಯ್ತು ಸರ್" ಎಂದಳು. ಥೂ, ಇದೆಂಥ ಜನ್ಮ ಎಂದು ತನ್ನನ್ನೇ ಬೈದುಕೊಂಡಳು. ಹಿಂದೆ ಮಣ್ಣು ಬೀಳುವ ಸದ್ದು ಕೇಳುತ್ತಿತ್ತು.

ಎಲ್ಲರೂ ಚದುರಿದ ಮೇಲೆ ಹೆಂಡತಿ ಕಲ್ಲುಬೆಂಚಿನ ಮೇಲೆ ಕೂತು ಅವಳನ್ನು ಕರೆದರು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಪುಸ್ತಕದ ವಿಷಯಕ್ಕೆ ಯಾರಾದ್ರೂ ಫೋನ್ ಮಾಡಿದ್ರೇನಮ್ಮ?"

"ಯಾವ ಪುಸ್ತಕ ಅಕ್ಕ?"

"ಅದೇ, ಈ ಸಲದ ವರದಿ. ಅಚ್ಚಿನ ತಪ್ಪಾಗಿದೆ ಅಂತ ಪ್ರೆಸ್ಸಿಂದ ಎಲ್ಲ ಕಟ್ಟೂ ಮನೆಗೇ ತಂದಿದ್ರು. ಮುನ್ನೂರು ಪುಸ್ತಕ. ನಾನು ಪುಟ ತೆಗೆದು ತೆಗೆದು ಕೊಟ್ಟೆ, ಅವರು ತಪ್ಪು ಸಂಖ್ಯೆ ಹೊಡೆದು, ಪಕ್ಕದಲ್ಲಿ ಮುನ್ನೂರ ಹನ್ನೆರಡು ಅಂತ ಬರೆದು ಸಹಿ ಹಾಕಿದ್ರು. ಹದಿನೈದು ದಿನ ಆಯ್ತು. ಕೈ ಸೋತು ಬೆರಳು ಮಡಿಚೋಕೆ ಆಗ್ತಿರಲಿಲ್ಲ ಅವರಿಗೆ."

ಅವಳು ಕೂತಲ್ಲೇ ತಣ್ಣಗಾದಳು.

"ತಪ್ಪು ಮಾಡಿದ್ದು ಯಾರು ಅಂದ್ರೆ, ಯಾರೂ ಅಲ್ಲ, ಅಚ್ಚಿನ ತಪ್ಪು ಅಂದ್ರು. ಆಮೇಲೆ ಎಲ್ಲರಿಗೂ ಹಂಚಿದ್ರು. ಕುಲಪತಿಗೆ, ಕುಲಸಚಿವರಿಗೆ ಅವರ ಕೈಯಾರೆ ಕೊಟ್ಟು ಬಂದ್ರು. ಅವತ್ತಿಂದ ದಿನಾ ಸಂಜೆ ಬಂದು ಚಪ್ಪಲಿ ಬಿಡ್ತಾ ಅದೇ ಮಾತು: ಇವತ್ತೂ ಯಾರೂ ಕೇಳ್ಲಿಲ್ಲ ಕಣೇ. ಯಾರಾದ್ರೂ ಕರೆದು ಬೈದಿದ್ರೂ ಸಮಾಧಾನ ಆಗ್ತಿತ್ತೇನೋ." ಹೆಂಡತಿ ಅವಳ ಕೈ ಹಿಡಿದರು. "ನೀನಾದ್ರೂ ನೋಡಿದ್ಯಲ್ಲ?"

ಮುನ್ನೂರು ಪುಸ್ತಕ. ಒಂದೂವರೆ ತಿಂಗಳು. ಒಬ್ಬರೂ, ಒಬ್ಬರೇ ಒಬ್ಬರೂ ಆ ಪುಟ ತೆರೆದಿರಲಿಲ್ಲ.

"ನೋಡಿದೆ ಅಕ್ಕ" ಎಂದಳು.

"ಅಷ್ಟು ಸಾಕು" ಎಂದು ಆ ಹೆಂಗಸು ಅವಳ ಹೆಗಲಿಗೆ ತಲೆಯಾನಿಸಿ ಅತ್ತರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

*

ಮಧ್ಯಾಹ್ನ ಆಡಳಿತ ಕಟ್ಟಡದ ಮುಂದೆ, ಒಂದನೇ ನಂಬರಿನ ಗುಂಡಿಯಲ್ಲಿ ನೆನಪಿನ ಸಸಿ ನೆಟ್ಟರು. ದೊಡ್ಡವರೆಲ್ಲ ನೆಡುವುದು ಅಲ್ಲಿಯೇ. ಫೋಟೊ ಚೆನ್ನಾಗಿ ಬರುತ್ತದೆ. ಮಾಲಿ ಹಾರೆ ಹಾಕಿದ. ಒಂದು ಮೊಳ ಇಳಿಯುವಷ್ಟರಲ್ಲಿ ಠಣ್ ಎಂದಿತು. ಕೆಡವಿದ ಹಳೆಯ ಕಟ್ಟಡದ ಕಾಂಕ್ರೀಟು ನೆಲ ಕೆಳಗೆ ಹಾಗೇ ಇದೆ. ಇಪ್ಪತ್ತೆರಡು ವರ್ಷದಲ್ಲಿ ಇಪ್ಪತ್ತೆರಡು ಸಸಿ ತಿಂದ ಗುಂಡಿ ಅದು. ಮಾಲಿ ಸದ್ದು ಮುಚ್ಚುವುದಕ್ಕೆ ಬೇಗ ಮಣ್ಣೆಳೆದ. ಚಪ್ಪಾಳೆ ಬಿತ್ತು, ಜನ ಹೋದರು.

"ಅವರ ಹೆಸರಿಗೂ ಇದೇ ಗುಂಡೀನಾ ಮೇಡಂ?" ಎಂದ ಮಾಲಿ. ಅವನ ಕೈಯಲ್ಲಿ ಒಂದು ಖಾಲಿ ತಗಡಿತ್ತು. "ಇದಕ್ಕೂ ಕಟ್ಲಾ?"

"ಬದುಕಿದ್ರೆ ಕಟ್ಟು."

ಅವನು ತಗಡನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಹಸಿರು ಆಫೀಸಿನ ಬೀಗ ತೆಗೆದು ಅವಳು ನೇರ ತನ್ನ ಮೇಜಿಗೆ ಹೋದಳು. ಎದುರಿನ ಕುರ್ಚಿಯ ಬೆನ್ನಿಗೆ ಅವರ ಕೊಡೆ ನೇತಾಡುತ್ತಿತ್ತು. ಒಂದು ಕೈಯಲ್ಲಿ ಪರದೆ ಎತ್ತಿ ಪುಸ್ತಕ ಎಳೆದುಕೊಂಡಳು. ಪರದೆಯ ಕಾಲಿನ ಗುರುತು ಹೊದಿಕೆಯ ಮೇಲೆ ಒತ್ತಿ ಕೂತಿತ್ತು. ಹದಿನಾಲ್ಕನೇ ಪುಟ.

ಹನ್ನೊಂದು ಸಾವಿರದ ನಾನೂರ ಎಂಬತ್ತಕ್ಕೆ ನೀಟಾಗಿ ಅಡ್ಡಗೆರೆ ಎಳೆದಿದ್ದರು. ಪಕ್ಕದಲ್ಲಿ ಮುನ್ನೂರ ಹನ್ನೆರಡು ಇರಲಿಲ್ಲ. ಸಹಿಯೂ ಇರಲಿಲ್ಲ. ಮಕ್ಕಳ ಕಾಪಿ ಪುಸ್ತಕಕ್ಕೆ ಎಳೆಯುವ ಹಾಗೆ ಪೆನ್ಸಿಲಿನಲ್ಲಿ ಒಂದು ತೆಳು ಗೆರೆ ಮಾತ್ರ ಎಳೆದು, ಬರೆಯುವಷ್ಟು ಜಾಗ ಬಿಟ್ಟಿದ್ದರು.

ಎಲ್ಲ ಗೊತ್ತಿತ್ತು ಅವರಿಗೆ. ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ದಿನಾ ಎದುರಿಗೆ ಕೂತು, ಪರದೆಯ ಕೆಳಗಿದ್ದ ಈ ಪುಸ್ತಕ ನೋಡುತ್ತಾ, ಇವತ್ತು ತೆಗೆದಾಳು, ನಾಳೆ ತೆಗೆದಾಳು ಎಂದು ಕಾದಿದ್ದರು. ಅವಳು ಪುಟಕ್ಕೆ ಹಣೆ ಹಚ್ಚಿ, ಮನೆಯಲ್ಲೂ ಸ್ಮಶಾನದಲ್ಲೂ ಬಾರದಿದ್ದ ಅಳುವನ್ನೆಲ್ಲ ಗೊಳೋ ಎಂದು ಅತ್ತಳು.

ಅಳು ನಿಂತ ಮೇಲೆ ಪೆನ್ನು ತೆಗೆದಳು. ಗೆರೆಯ ಮೇಲೆ ದುಂಡಗೆ ಮುನ್ನೂರ ಹನ್ನೆರಡು ಎಂದು ಬರೆದಳು. ಕೆಳಗೆ ಸಹಿ ಹಾಕಿದಳು.

ಕಂಪ್ಯೂಟರು ಸಣ್ಣಗೆ ಸದ್ದು ಮಾಡಿತು. ಕುಲಸಚಿವರ ಕಚೇರಿಯ ಪತ್ರ: ಹಂಗಾಮಿ ಅಧಿಕಾರಿಯಾಗಿ ಅವಳ ನೇಮಕ, ಇಂದಿನಿಂದಲೇ. ಕೊನೆಯಲ್ಲಿ ಒಂದು ಸಾಲು: ಈ ದಿನ ನೆಟ್ಟ ಸಸಿಯನ್ನು ಒಟ್ಟು ಸಂಖ್ಯೆಗೆ ಸೇರಿಸಿ ಸಂಜೆಯೊಳಗೆ ಜಾಲತಾಣದಲ್ಲಿ ತಿದ್ದುವುದು.

ಅವಳು ಬಹಳ ಹೊತ್ತು ಕೊಡೆಯನ್ನು ನೋಡುತ್ತಾ ಕೂತಳು. ಕಿಟಕಿಯಾಚೆ ಮಾಲಿ ಒಂದನೇ ಗುಂಡಿಗೆ ನೀರು ಹಾಕುತ್ತಿದ್ದ. ನೀರು ಇಳಿಯದೆ ಮೇಲೆಯೇ ನಿಂತಿತ್ತು.

ಆಮೇಲೆ ಜಾಲತಾಣದ ಕಡತ ತೆರೆದಳು. ಕೊನೆಯ ಸೊನ್ನೆ ಅಳಿಸಿ, ಒಂದು ಎಂದು ಒತ್ತಿದಳು. ಹನ್ನೊಂದು ಸಾವಿರದ ನಾನೂರ ಎಂಬತ್ತೊಂದು. ಪರದೆ ತಗ್ಗಾಗಿತ್ತು, ಕತ್ತು ನೋಯಲು ಶುರುವಾಗಿತ್ತು. ಪುಸ್ತಕ ಮುಚ್ಚಿ, ಹೊದಿಕೆಯ ಮೇಲಿನ ಗುರುತಿಗೆ ಸರಿಯಾಗಿ ಕೂರುವ ಹಾಗೆ ಪರದೆಯ ಕೆಳಗಿಟ್ಟಳು. ಅಂಕಿ ಮತ್ತೆ ಅವಳ ಕಣ್ಣಿನ ಎತ್ತರಕ್ಕೆ ಬಂತು.